ಅಂದಿನದೇ ರುಚಿಯ ಹಾಟ್ ಡಾಗ್

ನಾನು ಹುಟ್ಟಿದಾರಭ್ಯ ಮಾಂಸ ತಿಂದವಳಲ್ಲ. ಆದರೆ ಶಿಕಾಗೊ ಮತ್ತು ಡೆಟ್ರಾಯ್ಟಿನ ಬೇಸ್‌ಬಾಲ್ ಮೈದಾನಗಳಲ್ಲಿ ಬೇಸಿಗೆಯುದ್ದಕ್ಕೂ ಜನ ಸಾಲುಗಟ್ಟಿ ನಿಂತು ತಿನ್ನುವ ಒಂದು ಹಾಟ್ ಡಾಗಿನ ರುಚಿ ಕೆಟ್ಟರೆ ಮೊದಲು ಫೋನ್ ಬರುವುದು ನನಗೆ. ಶಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ, ತಲೆಯ ಮೇಲೆ ವಿಮಾನಗಳು ಹಾದುಹೋಗುವ ಜಾಗದಲ್ಲಿ, ನಮ್ಮ ಮಾಂಸದ ಕಾರ್ಖಾನೆ ಇದೆ. ಅದರ ಮಸಾಲೆ ಲ್ಯಾಬಿನಲ್ಲಿ ನನ್ನ ಕೆಲಸ. ಮೈಸೂರಿನಲ್ಲಿ ಫುಡ್ ಟೆಕ್ನಾಲಜಿ ಓದಿ, ಇಲ್ಲಿಗೆ ಬಂದು, ವರ್ಕ್ ಪರ್ಮಿಟ್ ಸಿಕ್ಕ ಮೇಲೆ ಕಂಡಕಂಡಲ್ಲಿ ಅಪ್ಲೈ ಮಾಡಿದಾಗ ಕರೆದವರು ಇವರೊಬ್ಬರೇ. ತಿನ್ನದವಳು ರುಚಿ ಹೇಗೆ ನೋಡುತ್ತೀ ಎಂದು ಇಂಟರ್‌ವ್ಯೂನಲ್ಲಿ ಕೇಳಿದರು. ಮೂಗಿನಿಂದ ಎಂದೆ. ನಕ್ಕು ಕಳಿಸುತ್ತಾರೆಂದುಕೊಂಡಿದ್ದೆ, ಕೆಲಸ ಕೊಟ್ಟರು. ಕಚ್ಚಿ ನೋಡುವುದಕ್ಕೆ ಬೇರೆ ಜನ ಇದ್ದಾರೆ. ಜಾಪತ್ರೆ ಹೆಚ್ಚಾಯಿತೋ, ಕೊತ್ತಂಬರಿ ಬೀಜ ಹಳತಾಯಿತೋ ಎಂದು ಹಬೆಯಲ್ಲೇ ಹೇಳುವುದು ನನ್ನ ಕೆಲಸ.

ಮೂಗಿನ ಜೊತೆಗೆ ನನಗಿರುವ ಇನ್ನೊಂದು ಅರ್ಹತೆ ಅನುಮಾನ. ಅದು ಕಾಲೇಜಿನಲ್ಲಿ ಕಲಿತದ್ದಲ್ಲ, ಹುಟ್ಟುಗುಣ. ಡೆವನ್ ಅವೆನ್ಯೂನ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಕೊಂಡರೂ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡದೆ ಗಾಡಿಗೆ ಹಾಕಿದವಳಲ್ಲ. ಬಿಸ್ಕತ್ತು, ಚೀಸು, ಮಗಳ ವಿಟಮಿನ್ ಮಾತ್ರೆ, ಎಲ್ಲದರ ಬೆನ್ನನ್ನೂ ಓದುತ್ತೇನೆ. ಯಾರಾದರೂ ಕಾರಣವಿಲ್ಲದೆ ಹೊಗಳಿದರೆ ಇವರಿಗೇನು ಬೇಕಾಗಿದೆಯೋ ಎಂದುಕೊಳ್ಳುತ್ತೇನೆ. ನನ್ನ ಗಂಡನದು ಇದಕ್ಕೆ ತದ್ವಿರುದ್ಧ. ಮದುವೆಗೆ ಮುಂಚಿನಿಂದ ಸ್ನೇಹ, ಹೋಗೋ ಬಾರೋ ಎನ್ನುವ ಸಲುಗೆ. ಗೋದಾಮುಗಳಿಗೆ ಕನ್ವೇಯರ್ ಡಿಸೈನ್ ಮಾಡುವ ಅವನಿಗೆ ಈ ಲೋಕದಲ್ಲಿ ಎಲ್ಲವೂ ಹೋಗಬೇಕಾದ ಕಡೆಗೇ ಹೋಗುತ್ತಿದೆ ಎಂಬ ನಂಬಿಕೆ.

ನಮ್ಮ ಕಂಪನಿಯ ಲಾಬಿಯಲ್ಲಿ ಒಂದು ಗೋಡೆ ತುಂಬ ಚರಿತ್ರೆ ಇದೆ. ಹಳೆಯ ಕಾಲದ ಇಬ್ಬರು ಅಣ್ಣತಮ್ಮಂದಿರು, ಕಟುಕರು, ಶಿಕಾಗೊದ ಬೇಸ್‌ಬಾಲ್ ಮೈದಾನದ ಹಿಂಬದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬ್ರೆಡ್ಡಿನ ನಡುವೆ ಬಿಸಿ ಸಾಸೇಜು ಇಟ್ಟು ಮಾರಿದರಂತೆ. ಜನ ಮುಗಿಬಿದ್ದರಂತೆ. ಮೈದಾನದ ಯಜಮಾನ ಒಳಗೇ ಬಂದು ಮಾರಿ ಎಂದನಂತೆ. ತಳ್ಳುಗಾಡಿಯ ಫೋಟೊ ದೊಡ್ಡದಾಗಿ ಹಾಕಿ, ಅದರ ಕೆಳಗೆ ‘ಅಂದಿನದೇ ರುಚಿ, ಇಂದಿಗೂ’ ಎಂಬರ್ಥದ ಸಾಲು ಬರೆಸಿದ್ದಾರೆ. ಸೇರಿದ ಮೊದಲ ದಿನವೇ ಆ ಫೋಟೊದ ಎದುರು ನಿಂತಿದ್ದೆ. ಗಾಡಿಯ ಪಕ್ಕೆಯ ಮೇಲೆ ಬರೆದ ಕಂಪನಿಯ ಹೆಸರು ನನಗೆ ಸರಿ ಕಾಣಲಿಲ್ಲ. ಗಾಡಿಯೆಲ್ಲ ಮಸುಕು, ಅಕ್ಷರ ಮಾತ್ರ ಚೊಕ್ಕ. ಮಾರ್ಕೆಟಿಂಗಿನ ಮ್ಯಾನೇಜರಮ್ಮನನ್ನು, ಇದು ಆಮೇಲೆ ಬರೆದದ್ದಾ ಎಂದು ಕೇಳಿಯೇಬಿಟ್ಟೆ. ಆಕೆ ನನ್ನ ಭುಜ ತಟ್ಟಿ, ಲ್ಯಾಬಿಗೆ ನಿನ್ನಂಥವಳೇ ಬೇಕಿತ್ತು ಎಂದಳು. ಅದು ಉತ್ತರವಲ್ಲ ಎಂದು ಆಗಲೇ ಗೊತ್ತಾಯಿತು.

ಅಂದಿನದೇ ರುಚಿ ಎಂಬ ಮಾತೂ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹಳೆಯ ಕೆಲಸಗಾರರನ್ನು ಮಾತಿಗೆಳೆದಂತೆ ಒಂದೊಂದೇ ಹೊರಗೆ ಬಂತು. ಮೊದಲು ಅದರಲ್ಲಿ ಹಂದಿ ಮಾಂಸವೂ ಇತ್ತು, ಆಮೇಲೆ ಬರೀ ದನದ್ದಾಯಿತು. ಮಾಂಸ ತುಂಬುವ ಕುರಿಯ ಕರುಳಿನ ಸಿಪ್ಪೆ ಹೋಗಿ, ಬೆಂದ ಮೇಲೆ ಯಂತ್ರ ಸುಲಿದು ಬಿಸಾಡುವ ಸಿಪ್ಪೆ ಬಂತು. ಕಟ್ಟಿಗೆಯ ಹೊಗೆಯ ಜಾಗಕ್ಕೆ ಡ್ರಮ್ಮಿನಲ್ಲಿ ಬರುವ ಹೊಗೆಯ ನೀರು ಬಂತು. ಉಪ್ಪು ಇಳಿಯಿತು. ಕೊತ್ತಂಬರಿ ಬೀಜ ಒಂದು ವರ್ಷ ಒಂದು ದೇಶದ್ದು, ಮರುವರ್ಷ ಇನ್ನೊಂದು ದೇಶದ್ದು, ಒಂದರ ವಾಸನೆ ಇನ್ನೊಂದಕ್ಕಿಲ್ಲ. ಪ್ರತಿ ಸಲವೂ ಲ್ಯಾಬಿನಲ್ಲಿ ಕೂತು ಇದನ್ನಿಷ್ಟು ಏರಿಸಿ ಅದನ್ನಿಷ್ಟು ಇಳಿಸಿ ಹಳೆಯ ರುಚಿಗೆ ತಂದು ನಿಲ್ಲಿಸುವವಳು ನಾನು. ರುಚಿ ಬದಲಾಗಬಾರದೆಂದರೆ ಪಾಕ ಬದಲಾಗುತ್ತಲೇ ಇರಬೇಕು. ಈ ವಿದ್ಯೆಯಲ್ಲಿ ನಾನು ಎತ್ತಿದ ಕೈ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಈ ವಿದ್ಯೆಯನ್ನು ಮನೆಯಲ್ಲೂ ಬಳಸಿದೆ. ನಮ್ಮತ್ತೆ ಮೈಸೂರಿನಲ್ಲಿದ್ದಾಗ, ಒಂದು ರಜೆಯಲ್ಲಿ, ಅವರ ಪಕ್ಕ ನಿಂತು ಅಡುಗೆ ಕಲಿತಿದ್ದೆ. ಎಷ್ಟು ಹಾಕಬೇಕು ಎಂದರೆ ಒಂದು ಹಿಡಿ, ಒಂದು ಚಿಟಿಕೆ ಎನ್ನುತ್ತಿದ್ದರು. ನನಗೆ ಹಿಡಿಯ ಲೆಕ್ಕ ನಂಬಿಕೆ ಬರದು. ತೂಕದ ಮಷಿನ್ ತಂದು ಅದರ ಮೇಲೆ ಅವರ ಹಿಡಿಯನ್ನು ಸುರಿಸಿಕೊಂಡೆ. “ಏನೇ ಇದು, ನನ್ನ ಕೈನೇ ತೂಗ್ತಿದೀಯಲ್ಲೇ!” ಎಂದು ನಕ್ಕಿದ್ದರು. ಆಮೇಲೆ ಒಂದು ಚಳಿಗಾಲದಲ್ಲಿ ಅತ್ತೆ ದಿಢೀರನೆ ತೀರಿಕೊಂಡರು. ಮಾವನವರನ್ನು ನಾವು ಇಲ್ಲಿಗೆ ಕರೆತಂದೆವು. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದವರು, ಮಿತಭಾಷಿ, ಊಟದಲ್ಲಿ ಮಾತ್ರ ಅಚ್ಚುಕಟ್ಟು. ಅವರಿಗೆ ಊಟದಲ್ಲಾದರೂ ಏನೂ ಬದಲಾಗದಿರಲಿ ಎಂದು ಸಾರು, ಹುಳಿ, ಗೊಜ್ಜು, ಉಪ್ಪಿಟ್ಟು ಎಲ್ಲವನ್ನೂ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಅತ್ತೆಯ ರುಚಿಗೇ ತಂದೆ. ಇಲ್ಲಿನ ಟೊಮ್ಯಾಟೊಗೆ ಹುಳಿ ಕಡಿಮೆ, ಮೆಣಸಿನಕಾಯಿಗೆ ಬಣ್ಣ ಬೇರೆ, ಅದಕ್ಕೆಲ್ಲ ಹೊಂದಿಸಿಕೊಂಡೆ. ಮೊದಲ ದಿನ ನನ್ನ ಗಂಡ ಸಾರನ್ನ ಬಾಯಿಗಿಟ್ಟು, “ಅಮ್ಮಂದೇ. ಡಿಟ್ಟೋ!” ಎಂದು ಕಣ್ಣರಳಿಸಿದ.

ಮಾವನವರು ಒಂದು ತುತ್ತು ತಿಂದು, “ಸಾಕಮ್ಮ” ಎಂದರು.

ಅದೇ ದಿನನಿತ್ಯದ ಮಾತಾಯಿತು. ಸಾಕಮ್ಮ. ಹಸಿವಿಲ್ಲಮ್ಮ. ಆಮೇಲೆ ನೋಡೋಣಮ್ಮ. ತಟ್ಟೆಯ ಮುಂದೆ ಕೂರುವರು, ಕಲಸುವರು, ಏಳುವರು. ಷರಟು ಮೈಮೇಲೆ ಜೋಲಾಡತೊಡಗಿತು. ಡಾಕ್ಟರು ಹೆದರಿಸಿದರು. ಈ ವಯಸ್ಸಿನಲ್ಲಿ ತೂಕ ಹೀಗೇ ಇಳಿದರೆ ದೇಹ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ, ಆಸ್ಪತ್ರೆಗೆ ಸೇರಿಸಿ ಟ್ಯೂಬಿನಲ್ಲಿ ಊಟ ಕೊಡಬೇಕಾದೀತು ಎಂದರು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರು, ಒಬ್ಬ ಮನುಷ್ಯ ಊಟವಿಲ್ಲದೆ ಕರಗುತ್ತಿದ್ದರು. ನಿಜಕ್ಕೂ ಹೆದರಿಕೆಯಾಯಿತು.

ಹೆದರಿಕೆಯ ಜೊತೆಗೇ ಅನುಮಾನವೂ ಹತ್ತಿತು. ಮಾವನವರು ಏನೂ ತಿನ್ನುತ್ತಿರಲಿಲ್ಲವೇ? ತಿನ್ನುತ್ತಿದ್ದರು. ಬಾಳೆಹಣ್ಣನ್ನು ತಾವೇ ಸುಲಿದು ತಿನ್ನುತ್ತಿದ್ದರು. ಡಬ್ಬಿಯ ಮೊಸರು ತಿನ್ನುತ್ತಿದ್ದರು. ಅಂಗಡಿಯ ಬ್ರೆಡ್ಡು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದರು. ಡೆವನ್ನಿನ ಹೋಟೆಲಿಗೆ ಕರೆದೊಯ್ದಾಗ, ಅಡುಗೆ ಮಾಡಿದವರು ಯಾರೋ ಏನೋ, ಮಸಾಲೆ ದೋಸೆಯನ್ನು ಚಟ್ನಿಯ ಸಮೇತ ಒರೆಸಿ ತಿಂದರು. ನಾನು ಮುಟ್ಟಿದ್ದು ಮಾತ್ರ ಬೇಡ. ಮನಸ್ಸಿನಲ್ಲಿ ಒಂದಕ್ಕೊಂದು ಸೇರಿಸುತ್ತ ಹೋದೆ, ಲೆಕ್ಕ ಸರಿಯಾಗಿ ಕೂತಿತು. ನಾನು ದಿನವಿಡೀ ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬರುವವಳು. ಅದೇ ಕೈಯಲ್ಲಿ ಅನ್ನ ಬಡಿಸುವವಳು. ಅತ್ತೆ ಇದ್ದಾಗ ಈ ಮಾತನ್ನು ಯಾರೂ ಎತ್ತಿರಲಿಲ್ಲ, ಈಗ ಮಾವನವರು ಬಾಯಲ್ಲಿ ಹೇಳದೆ ತಟ್ಟೆಯಲ್ಲಿ ಹೇಳುತ್ತಿದ್ದಾರೆ.

ಗಂಡನ ಹತ್ತಿರ ಆಡಿಯೇಬಿಟ್ಟೆ. “ನಿಮ್ಮಪ್ಪಂಗೆ ನನ್ನ ಕೈ ಅಡುಗೆ ಆಗ್ತಿಲ್ಲ. ನನ್ನ ಕೆಲ್ಸ ಇದೆಯಲ್ಲ, ಅದಕ್ಕೆ.”

“ಏಯ್, ಏನೇನೋ ಮಾತಾಡ್ಬೇಡ. ಅಪ್ಪ ಆ ಥರದವರಲ್ಲ.”

“ಹಾಗಾದ್ರೆ ಹೋಟ್ಲಲ್ಲಿ ತಿಂದಿದ್ದು ಹೇಗೆ?”

“ಅವತ್ತು ಹಸಿವಿತ್ತೇನೋ. ಅಮ್ಮ ಹೋಗಿ ಎಷ್ಟು ದಿನ ಆಯ್ತು? ಟೈಮ್ ಬೇಕು ಕಣೇ.” ಇಷ್ಟು ಹೇಳಿ ಅವನು ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡ. ಅವನಿಗಂತೂ ಆ ಸಾರು ದಿನಾ ಬೇಕು.

ಬೇಸಿಗೆ ಬಂತು. ಗಂಡ ಮಾವನವರನ್ನು ಬೇಸ್‌ಬಾಲ್ ಆಟಕ್ಕೆ ಕರೆದೊಯ್ಯತೊಡಗಿದ. ಎಲ್ಲ ಹಗಲಿನ ಆಟಗಳು. ಕ್ರಿಕೆಟ್ ನೋಡಿ ಬೆಳೆದ ಮಾವನವರಿಗೆ ಅದು ಹಿಡಿಸಿತು, ಯಾರಿಗೂ ಅವಸರವಿಲ್ಲದ ಆಟ ಎಂದರು. ಆದರೆ ನನ್ನ ಕಿವಿ ನೆಟ್ಟಗಾದದ್ದು ಬೇರೆ ವಿಷಯಕ್ಕೆ. ಆಟದ ದಿನ ಮನೆಗೆ ಬಂದಾಗ ಅವರ ಮುಖದಲ್ಲಿ ಹೊಟ್ಟೆ ತುಂಬಿದ ಕಳೆ ಇರುತ್ತಿತ್ತು. ತೇಗು ಬರುತ್ತಿತ್ತು. ಷರಟಿನ ಜೇಬು ಒದರಿದರೆ ಗಸಗಸೆ ಉದುರಿತು. ಇಲ್ಲಿನ ಹಾಟ್ ಡಾಗಿನ ಬನ್ನಿನ ಮೇಲೆ ಗಸಗಸೆ ಇರುತ್ತದೆ. ಆ ಷರಟನ್ನು ಮೂಗಿಗೆ ಹಿಡಿದೆ. ಬೆಳ್ಳುಳ್ಳಿ, ಬಿಳಿ ಮೆಣಸು, ಹೊಗೆ, ಹಿಂದಿನಿಂದ ಜಾಪತ್ರೆ. ನಾನೇ ಬೆರೆಸಿದ ಮಸಾಲೆ, ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಮಗಳನ್ನು ವಿಚಾರಿಸಿದೆ. ಆಗಷ್ಟೇ ಡ್ರೈವಿಂಗ್ ಲೈಸೆನ್ಸ್ ಪಡೆದ ವಯಸ್ಸು ಅವಳದು, ಒಮ್ಮೆ ಅವರ ಜೊತೆ ಹೋಗಿದ್ದಳು. “ತಾತ ಅಲ್ಲೇನು ತಿಂತಾರೆ?”

“ಹೀ ಈಟ್ಸ್ ಫೈನ್, ಅಮ್ಮ. ಆಸ್ಕ್ ಅಪ್ಪ,” ಎಂದು ಫೋನಿನಿಂದ ತಲೆ ಎತ್ತದೆ ಹೇಳಿದಳು. ಗಂಡನನ್ನು ಕೇಳಿದರೆ, “ಏನೋ ಒಂದು ತಿಂತಾರೆ, ಬಿಡು” ಎಂದ. ಅವನು ಆಫೀಸಿನವರ ಜೊತೆ ಹಾಟ್ ಡಾಗ್ ತಿನ್ನುವುದು ನನಗೆ ಗೊತ್ತಿದ್ದ ವಿಷಯವೇ. ಆದರೆ ಎಪ್ಪತ್ತು ದಾಟಿದ, ಏಕಾದಶಿಗೆ ಈರುಳ್ಳಿಯನ್ನೂ ಮುಟ್ಟದ ಮನುಷ್ಯನಿಗೆ ನನ್ನ ಬೆನ್ನ ಹಿಂದೆ ತಿನ್ನಿಸುತ್ತಿದ್ದಾನೆಯೇ? ಮಾಂಸ ತಿಂದದ್ದಕ್ಕಲ್ಲ ನನ್ನ ಹೊಟ್ಟೆ ಉರಿದದ್ದು. ಮಾಂಸ ಆಗುತ್ತದೆ, ಮಾಂಸದ ಕಾರ್ಖಾನೆಯಲ್ಲಿ ದುಡಿಯುವ ಸೊಸೆಯ ಸಾರು ಆಗುವುದಿಲ್ಲವಲ್ಲ ಎಂಬುದಕ್ಕೆ.

ಇದೇ ಹೊತ್ತಿಗೆ ಕಂಪನಿಗೆ ಚರಿತ್ರೆಯ ಹುಚ್ಚು ಹಿಡಿಯಿತು. ಎರಡೂ ಊರಿನ ಮೈದಾನಗಳಲ್ಲಿ, ಕೆಲವು ದಿನ, ಮೊದಮೊದಲಿನ ಹಾಟ್ ಡಾಗನ್ನು ಅದೇ ರುಚಿಯಲ್ಲಿ ಮಾರಬೇಕು ಎಂದು ತೀರ್ಮಾನವಾಯಿತು. ಅಂದಿನದೇ ರುಚಿ ಇಂದಿಗೂ ಇದೆ ಎಂದಮೇಲೆ ಮತ್ತೆ ಹಳೆಯ ರುಚಿ ಎಲ್ಲಿಂದ ತರುವುದು ಎಂದು ನಾನು ಕೇಳಿದ್ದಕ್ಕೆ, ಅದು ನಿನ್ನ ಕೆಲಸ ಎಂದರು. ಮೂಲ ಪಾಕ ಕಂಪನಿಯ ಕೈಯಲ್ಲಿ ಇರಲೂ ಇಲ್ಲ. ಹಿಂದೆ ಯಾವಾಗಲೋ ಡೆಟ್ರಾಯ್ಟಿನ ಒಂದು ಸಣ್ಣ ಮಾಂಸದ ಕಂಪನಿಯನ್ನು ನಮ್ಮವರು ಕೊಂಡುಕೊಂಡಿದ್ದರು. ಅಲ್ಲಿ ಮಸಾಲೆ ಬೆರೆಸುತ್ತಿದ್ದ ಒಬ್ಬ ಮುದುಕರು ಇನ್ನೂ ಇದ್ದಾರೆ, ಅವರ ನಾಲಿಗೆಯನ್ನು ಕೇಳು ಎಂದು ನನ್ನನ್ನು ಅಟ್ಟಿದರು.

ಅವರ ಮನೆ ಇದ್ದದ್ದು ಡೆಟ್ರಾಯ್ಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ಗೆ ಹೆದ್ದಾರಿಯ ಕೆಲವೇ ಎಕ್ಸಿಟ್ ಮುಂಚೆ. ರಾಚೆಸ್ಟರ್ ಹಿಲ್ಸ್‌ನಲ್ಲಿ ಮಾವನವರ ತಂಗಿಯ ಮಗಳ ಸಂಸಾರವಿದೆ. ಅಲ್ಲಿ ಕೆಲವು ದಿನ ಬಿಟ್ಟು ಬಂದರೆ ಜಾಗ ಬದಲಾಗಿ ನಾಲ್ಕು ತುತ್ತು ತಿಂದಾರು ಎಂದು ಮಾವನವರನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ, ಅದರೊಳಗೆ ಬೇರೆ ಬೇರೆ ಹದದಲ್ಲಿ ಮಾಡಿದ ಸಾಸೇಜುಗಳು. ದಾರಿಯುದ್ದಕ್ಕೂ ಅವರ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಮೂಗು ಮುಚ್ಚುತ್ತಾರೋ, ಕಿಟಕಿ ಇಳಿಸುತ್ತಾರೋ ಎಂದು. ಅವರು ರಸ್ತೆಯ ಬೋರ್ಡುಗಳನ್ನು ಓದುತ್ತ ಸುಮ್ಮನೆ ಕೂತಿದ್ದರು.

ಮುದುಕರ ಮನೆ ತಲುಪಿದಾಗ ಹೊರಗೆ ಇಲ್ಲಿನ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು, ಮಾವನವರನ್ನು ಕಾರಿನಲ್ಲಿ ಬಿಡುವಂತಿರಲಿಲ್ಲ. ಮುದುಕರು ಇಬ್ಬರನ್ನೂ ಅಡುಗೆಮನೆಯ ಮೇಜಿನ ಹತ್ತಿರವೇ ಕೂರಿಸಿದರು. ಒಂಟಿ ಮನುಷ್ಯ. ಅವರ ಹೆಂಡತಿಯೂ ಅದೇ ಕಂಪನಿಯವರು, ಡೆಟ್ರಾಯ್ಟಿನ ಹಳೆಯ ಮೈದಾನದಲ್ಲಿ ಹಾಟ್ ಡಾಗ್ ಕೌಂಟರ್ ನೋಡಿಕೊಳ್ಳುತ್ತಿದ್ದರಂತೆ, ತೀರಿಕೊಂಡು ಕೆಲವು ವರ್ಷವಾಗಿದೆ. ನಾನು ಫೋನಿನಲ್ಲಿ ಲಾಬಿಯ ಫೋಟೊ ತೋರಿಸಿದೆ. ಮುದುಕರು ಕನ್ನಡಕ ಏರಿಸಿ ನೋಡಿ ಗೊಳ್ಳೆಂದು ನಕ್ಕರು. ಇದು ಶಿಕಾಗೊ ಅಲ್ಲವೇ ಅಲ್ಲ, ಇದು ನಮ್ಮ ಮೈದಾನದ ಹಿಂದಿನ ರಸ್ತೆ, ಇದು ನಮ್ಮ ಗಾಡಿ, ಹೆಸರು ಮಾತ್ರ ನಿಮ್ಮದು ಎಂದರು. ಶಿಕಾಗೊದವರು ಆಗ ಹ್ಯಾಮು, ಬೇಕನ್ ಎಂದು ಬರೀ ಹಂದಿ ಮಾಂಸ ಮಾಡಿಕೊಂಡಿದ್ದವರಂತೆ. ಮೈದಾನಕ್ಕೆ ಹಾಟ್ ಡಾಗ್ ಕೊಟ್ಟದ್ದೇ ಡೆಟ್ರಾಯ್ಟಿನ ಕಂಪನಿಯನ್ನು ಕೊಂಡ ಮೇಲೆ. ಡೆಟ್ರಾಯ್ಟಿನಲ್ಲಿ ಮೇಲೆ ಮಾಂಸದ ಗೊಜ್ಜು ಸುರಿದು ಕೊಡುತ್ತಾರೆ, ಶಿಕಾಗೊದಲ್ಲಿ ಅರೆದ ಸಾಸಿವೆ, ಈರುಳ್ಳಿ, ಟೊಮ್ಯಾಟೊ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಮೆಣಸಿನಕಾಯಿ ಎಂದು ತೋಟವನ್ನೇ ಹೇರುತ್ತಾರೆ. ಒಳಗಿನದು ಮಾತ್ರ ಎರಡು ಕಡೆಯೂ ಡೆಟ್ರಾಯ್ಟಿನ ಪಾಕವೇ ಎಂದರು. ನನಗಾದ ಸಂತೋಷ ಹೇಳತೀರದು. ಇಷ್ಟು ವರ್ಷ ಆ ಅಕ್ಷರಗಳನ್ನು ಅನುಮಾನದಿಂದ ನೋಡಿದ್ದು ವ್ಯರ್ಥವಾಗಲಿಲ್ಲ. ವಾಪಸು ಬಂದು ಹೇಳಿದಾಗ ಮ್ಯಾನೇಜರಮ್ಮ, ಈಗ ಅದನ್ನೆಲ್ಲ ಕೆದಕುವುದು ಬೇಡ ಎಂದಳು. ಫೋಟೊ ಇವತ್ತಿಗೂ ಅಲ್ಲೇ ಇದೆ.

ಮುದುಕರ ಅಡುಗೆಮನೆಯಲ್ಲಿ, ಫೋಟೊದ ಮಾತಾದ ಮೇಲೆ, ಸಾಸೇಜುಗಳನ್ನು ಬಿಸಿನೀರಿನಲ್ಲಿ ಹಾಕಿ ಒಂದೊಂದಾಗಿ ತಟ್ಟೆಗೆ ಇಟ್ಟೆ. ಮುದುಕರು ಕಚ್ಚುವರು, ಅಗಿಯುವರು, ತಲೆಯಾಡಿಸುವರು. ಇದಲ್ಲ. ಇದೂ ಅಲ್ಲ. ಹತ್ತಿರ ಬಂತು, ಆದರೆ ಅಲ್ಲ. ಕೊನೆಗೆ ನಾನು ಜಾಪತ್ರೆ ಏರಿಸಿ, ಕಟ್ಟಿಗೆಯ ಹೊಗೆಯನ್ನೇ ಹಿಡಿಸಿ ಮಾಡಿದ್ದನ್ನು ಕೊಟ್ಟೆ. ಒಂದು ಚೂರು ಕಚ್ಚಿದರು. ಅಗಿಯುವುದು ನಿಧಾನವಾಯಿತು. ಇದೇ ಎಂದರು. ಅಷ್ಟು ಹೇಳಿ ತಟ್ಟೆಯನ್ನು ಮೇಜಿನ ಆಚೆಗೆ ಸರಿಸಿಬಿಟ್ಟರು. ಇನ್ನೊಂದು ಚೂರು ತಿಂದು ಖಾತ್ರಿ ಮಾಡಿ ಎಂದೆ. ಬೇಡ ಎಂದರು. ಎದ್ದು ಹೋಗಿ ಸಿಂಕಿನಲ್ಲಿ ಸುಮ್ಮನೆ ಕೈ ತೊಳೆಯುತ್ತ ನಿಂತರು.

ಕಾರು ಹತ್ತಿದ ಕೂಡಲೇ ನಾನು, “ನೋಡಿದ್ರಾ ಮಾವ, ಸುಳ್ಳು ಹೇಳಿದ್ರು. ನಿಜವಾಗ್ಲೂ ಅದೇ ರುಚಿ ಆಗಿದ್ರೆ ಇನ್ನೊಂದು ತುತ್ತು ತಿಂತಿರ್ಲಿಲ್ವಾ? ನಮ್ಮನ್ನ ಬೇಗ ಸಾಗಹಾಕ್ಬೇಕಿತ್ತು ಅಷ್ಟೆ” ಎಂದೆ. ಮಾವನವರು ಕಿಟಕಿಯ ಕಡೆ ತಿರುಗಿಕೊಂಡರು. ರಾಚೆಸ್ಟರ್ ಹಿಲ್ಸ್‌ನಲ್ಲಿ ಅವರ ಸೋದರ ಸೊಸೆ ಅವಸರದಲ್ಲಿ ಮಾಡಿದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಅದೂ ನನ್ನ ಲೆಕ್ಕಕ್ಕೆ ಸೇರಿತು.

ಹಳೆಯ ರುಚಿಯನ್ನು ಶಿಕಾಗೊದ ಮೈದಾನದಲ್ಲಿ ಮಾರುವ ದಿನ ಬಂತು. ಜನ ಏನೆನ್ನುತ್ತಾರೆ ಕೇಳಿಕೊಂಡು ಬಾ ಎಂದು ನನ್ನನ್ನೂ ಕಳಿಸಿದರು. ಅದೇ ಆಟಕ್ಕೆ ಗಂಡನೂ ಮಾವನವರೂ ಬರುತ್ತಿದ್ದರು. ನಾನು ಬರುವ ವಿಷಯವನ್ನು ಬೇಕೆಂದೇ ಹೇಳಲಿಲ್ಲ. ಇವತ್ತು ಕೈಗೆ ಸಿಕ್ಕಿಬೀಳುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ. ಕೌಂಟರಿನ ಹತ್ತಿರ ಜನರ ಮಾತು ಕೇಳಿಸಿಕೊಂಡೆ. ಒಬ್ಬರು ನಮ್ಮ ತಾತ ಕೊಡಿಸುತ್ತಿದ್ದದ್ದು ಇದೇ ಎಂದರು, ಅವರ ಹಿಂದೆಯೇ ಇದ್ದವರು ಇದು ಯಾವ ಹೊಸ ಅವತಾರ ಎಂದರು. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ.

ಅವರ ಸಾಲಿನ ಮೇಲ್ಗಡೆಯ ಕಂಬದ ಪಕ್ಕ ನಿಂತು ನೋಡಿದೆ. ಗಂಡನ ಮಡಿಲಲ್ಲಿ ರಟ್ಟಿನ ತಟ್ಟೆ, ಎರಡು ಹಾಟ್ ಡಾಗ್. ಅವನು ಅತ್ತಿತ್ತ ನೋಡಲಿಲ್ಲ, ಕದ್ದು ಮಾಡುವವನ ಲಕ್ಷಣವೇ ಇರಲಿಲ್ಲ. ಒಂದು ಬನ್ನಿನಿಂದ ಸಾಸೇಜನ್ನು ಎರಡು ಬೆರಳಲ್ಲಿ ಎತ್ತಿ ತನ್ನ ಬನ್ನಿಗೆ ಹಾಕಿಕೊಂಡ. ಅವನದರಲ್ಲಿ ಈಗ ಎರಡು. ಖಾಲಿಯಾದ ಬನ್ನನ್ನು ಅಪ್ಪನ ಕೈಗೆ ಕೊಟ್ಟ. ಮಾವನವರು ಅದರೊಳಗಿನ ಈರುಳ್ಳಿ, ಟೊಮ್ಯಾಟೊ, ಸೌತೆಕಾಯಿಗಳನ್ನು ಸರಿಯಾಗಿ ಜೋಡಿಸಿ, ಮೇಲೆ ಇನ್ನಷ್ಟು ಸಾಸಿವೆ ಹಿಂಡಿ, ಎರಡು ಕೈಯಲ್ಲಿ ಹಿಡಿದು, ಹಸಿದವರು ತಿನ್ನುವಂತೆ ಗಬಗಬ ತಿಂದರು. ಅವರು ಹಾಗೆ ತಿಂದದ್ದನ್ನು ನೋಡಿ ಎಷ್ಟು ಕಾಲವಾಗಿತ್ತು! ನನ್ನ ಕಣ್ಣು ತುಂಬಿತು, ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಸೀದಾ ಹೋಗಿ ಎದುರು ನಿಂತೆ.

ಗಂಡನ ಬಾಯಿ ತುಂಬ ಇತ್ತು, ನುಂಗಲೂ ಆಗದೆ ಉಗುಳಲೂ ಆಗದೆ ಕೂತ. ಮಾವನವರು ಮಾತ್ರ ಪಕ್ಕದ ಸೀಟಿನ ಮೇಲಿದ್ದ ಟೋಪಿ ತೆಗೆದು ಜಾಗ ಮಾಡಿದರು. “ಬಾಮ್ಮ, ಕೂತ್ಕೊ. ನೀನೂ ಬಂದ್ಯಾ? ನಿಂಗೂ ಒಂದು ಹೇಳ್ತಾನೆ ಇವನು. ಅದನ್ನ ತೆಗೆದುಬಿಟ್ರೆ ಚೆನ್ನಾಗಿರುತ್ತೆ.”

“ಮಾವ, ಆ ಬನ್ನು ಅದರ ಹಬೆಯಲ್ಲೇ ಬಿಸಿ ಮಾಡೋದು. ಗೊತ್ತಾ ನಿಮಗೆ?”

“ಗೊತ್ತಮ್ಮ. ವಾಸನೆ ಬರಲ್ವಾ?”

“ಗೊತ್ತಿದ್ದೂ ತಿಂತೀರಾ! ಇದನ್ನ ತಿನ್ಬೋದು, ನಾನು ಸ್ನಾನ ಮಾಡಿ ಮಡಿಯಾಗಿ ಮಾಡಿದ್ದನ್ನ ಮುಟ್ಟಬಾರ್ದು, ಅಲ್ವಾ? ಮಾಂಸದ ಫ್ಯಾಕ್ಟ್ರಿಯಲ್ಲಿ ಕೆಲ್ಸ ಮಾಡೋ ಕೈ ಅಂತ ತಾನೇ? ನನ್ನ ಕೈಗೇನಾಗಿದೆ ಮಾವ?” ನನ್ನ ದನಿ ಏರಿತ್ತು. ಮುಂದಿನ ಸಾಲಿನವರು ಕನ್ನಡ ಬಾರದಿದ್ದರೂ ತಿರುಗಿ ನೋಡಿದರು.

ಮಾವನವರಿಗೆ ಮೊದಲು ಅರ್ಥವೇ ಆಗಲಿಲ್ಲ. “ನಿನ್ನ ಕೈಗಾ?” ಎಂದು ನನ್ನ ಕೈಗಳನ್ನು ನಿಜವಾಗಿ ನೋಡಿದರು. ಆಮೇಲೆ ಕಾಗದದಿಂದ ಬೆರಳು ಒರೆಸಿಕೊಂಡರು. “ನಿನ್ನ ಕೈಗೇನೂ ಆಗಿಲ್ಲಮ್ಮ. ಅದು ನಿನ್ನ ಕೈ ಅಲ್ಲ, ಅದೇ ನಂಗೆ ಕಷ್ಟ. ಅವಳ ಕೈ. ಸಾರು ಬಾಯಿಗಿಟ್ರೆ ಅವಳೇ ಒಳಗೆ ಒಲೆ ಮುಂದೆ ನಿಂತಿದಾಳೆ ಅನ್ಸುತ್ತೆ. ತಲೆ ಎತ್ತಿ ನೋಡ್ತೀನಿ, ನೀನಿರ್ತೀಯ. ದಿನಾ ಹಾಗೇ. ದಿನಾ ಹೊಸದಾಗಿ ಹೋದಂಗಾಗುತ್ತೆ ಅವಳು.”

ಅವರು ಟೋಪಿ ತೆಗೆದ ಸೀಟಿನಲ್ಲಿ ಕೂತೆ. “ಹೇಳ್ಬೋದಿತ್ತಲ್ಲ ಮಾವ” ಎಂದಷ್ಟೇ ಅಂದೆ.

“ಏನಂತ ಹೇಳ್ಲಿ? ನೀನು ಅಷ್ಟು ಕಷ್ಟಪಟ್ಟು ಮಾಡ್ತೀಯ. ಇವನು ಅಮ್ಮಂದೇ ಅಮ್ಮಂದೇ ಅಂತ ಬಡಿಸ್ಕೊಂಡು ತಿಂತಾನೆ.” ಮತ್ತೆ ಹೇಳಿದರು: “ಅವತ್ತು ಆ ಯಜಮಾನ್ರು ತಟ್ಟೆ ಸರಿಸಿದ್ರಲ್ಲ, ಅವರು ಸುಳ್ಳು ಹೇಳ್ಲಿಲ್ಲ ಕಣಮ್ಮ.”

ಗಂಡ ಬಾಯಲ್ಲಿದ್ದದ್ದನ್ನು ಅಂತೂ ನುಂಗಿದ್ದ. ತನ್ನ ಬನ್ನನ್ನು ತಟ್ಟೆಗಿಟ್ಟು ಮೈದಾನ ನೋಡುತ್ತ ಕೂತ. ಈ ಮಾತು ಅವನಿಗೂ ಹೊಸದು ಎಂದು ನಮ್ಮ ಕಡೆ ತಿರುಗದ ಅವನ ಕತ್ತು ನೋಡಿಯೇ ತಿಳಿಯಿತು. ಮಾವನವರು ಕೈಯಲ್ಲಿದ್ದ ಅರ್ಧ ಬನ್ನನ್ನು ನನಗೆ ತೋರಿಸಿದರು. “ಇದ್ರಲ್ಲಿ ಯಾರೂ ಇಲ್ಲ. ಸಾಸಿವೆ, ಈರುಳ್ಳಿ, ಅಷ್ಟೆ. ಆರಾಮಾಗಿ ತಿನ್ಬೋದು.”

ಆಗ ಯಾರೋ ಚೆಂಡನ್ನು ಬಹಳ ದೂರ ಹೊಡೆದರು. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತಿತು, ಮಾವನವರೂ ಎದ್ದರು. ನಾನು ಎಲ್ಲರ ಬೆನ್ನುಗಳ ನಡುವೆ ಕೂತೇ ಇದ್ದೆ. ಅವರು ನನ್ನನ್ನು ದೂರ ಮಾಡಿರಲಿಲ್ಲ ಎಂದು ಸಮಾಧಾನವಾಯಿತು. ಆದರೆ ಇಷ್ಟು ದಿನ ಪ್ರೀತಿಯೆಂದು ತಿಳಿದು ನಾನು ಬಡಿಸಿದ್ದೇ ಅವರ ಗಂಟಲಲ್ಲಿ ಇಳಿದಿರಲಿಲ್ಲ. ಎಲ್ಲವನ್ನೂ ಅನುಮಾನಿಸುವವಳು, ನನ್ನ ಸಾರನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ.

ಆ ಭಾನುವಾರ ಹುರುಳಿಕಾಳು ನೆನೆಹಾಕಿದೆ. ನನ್ನ ತವರು ತುಮಕೂರಿನ ಕಡೆ. ಅಲ್ಲಿ ಹುರುಳಿ ಬೇಯಿಸಿ ಬಸಿದ ಕಟ್ಟಿನ ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಖಾರವಾಗಿ ಸಾರು ಮಾಡುತ್ತಾರೆ. ಅತ್ತೆ ಅದನ್ನು ಕುದುರೆ ಮೇವು ಎಂದು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ತೂಕ ಮಾಡಲಿಲ್ಲ, ಕೈಗೆ ಬಂದಷ್ಟು ಹಾಕಿದೆ. ಊಟಕ್ಕೆ ಕೂತಾಗ ಮಾವನವರು ಮೊದಲು ಮೂಸಿದರು, ಕಲಸಿದರು, ಒಂದು ತುತ್ತು ತಿಂದರು. ಇನ್ನೊಂದು ತಿಂದರು. “ಉಪ್ಪು ಸಾಲ್ದು. ಖಾರ ಜಾಸ್ತಿ” ಎಂದರು. ನಮ್ಮ ಮನೆಗೆ ಬಂದ ಮೇಲೆ ಅವರು ನನ್ನ ಅಡುಗೆಗೆ ಹೆಸರಿಟ್ಟದ್ದು ಅದೇ ಮೊದಲು. ಹೆಸರಿಡುತ್ತಲೇ ತಟ್ಟೆ ಮುಂದೆ ಚಾಚಿದರು. ನಾನು ಉಪ್ಪು ಹಾಕಿ ಬಡಿಸಿದೆ.

ಗಂಡ ಒಂದೇ ತುತ್ತನ್ನು ಕಲಸುತ್ತ ಕೂತಿದ್ದ. “ಅಮ್ಮನ ಸಾರು ಇನ್ಮೇಲೆ ಮಾಡಲ್ವಾ?” ಎಂದು ಕೇಳಿದ. ಸಣ್ಣ ದನಿ, ಅವನದೇ ಅಲ್ಲವೇನೋ ಅನ್ನಿಸುವಂಥದ್ದು. ಒಬ್ಬರು ಆ ರುಚಿಯಿಂದ ಸೊರಗಿದ್ದರು, ಇನ್ನೊಬ್ಬ ಅದನ್ನೇ ಹಿಡಿದುಕೊಂಡಿದ್ದ.

ಉತ್ತರ ಕೊಟ್ಟವರು ಮಾವನವರು. ತಟ್ಟೆಯಿಂದ ತಲೆ ಎತ್ತಲಿಲ್ಲ. “ನಾನು ಆಟಕ್ಕೆ ಹೋದಾಗ ಇವನಿಗೆ ಮಾಡ್ಕೊಡಮ್ಮ” ಎಂದರು.

ಮುಂದಿನ ಆಟಕ್ಕೆ ತಾತನನ್ನು ಮಗಳು ಡ್ರೈವ್ ಮಾಡಿಕೊಂಡು ಕರೆದೊಯ್ದಳು. ಕಾರು ನಮ್ಮ ಬಡಾವಣೆಯ ತಿರುವು ದಾಟಿದ ಮೇಲೆ ನಾನು ಬೇಳೆ ಬೇಯಲಿಟ್ಟೆ. ಎಲ್ಲವನ್ನೂ ಅತ್ತೆಯ ಹಿಡಿಯ ತೂಕಕ್ಕೇ ಹಾಕಿದೆ. ಗಂಡ ಅಡುಗೆಮನೆಯ ಮೇಜಿಗೇ ಬಂದು ಕೂತ. ಅವನ ಅಮ್ಮ ತೀರಿಕೊಂಡಾಗ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಊರಿನಲ್ಲಿ ಕರ್ಮಾಂತರ ಮುಗಿಸಿದ, ಅಪ್ಪನಿಗೆ ಪಾಸ್‌ಪೋರ್ಟು ಮಾಡಿಸಿದ, ಅಪ್ಪ ಎದುರಿಗಿದ್ದಾರೆಂದು ದಿನಾ ನಗುನಗುತ್ತ ಉಂಡ. ಈಗ ಎದುರಿಗೆ ಯಾರೂ ಇರಲಿಲ್ಲ. ಮೊದಲ ತುತ್ತಿಗೇ ಅವನ ಮುಖ ಮುದುಡಿತು, ಎಡಗೈಯಲ್ಲಿ ಕಣ್ಣು ಮುಚ್ಚಿಕೊಂಡು ಬಿಕ್ಕಿದ. ಬಲಗೈ ಮಾತ್ರ ಅನ್ನ ಕಲಸುತ್ತಲೇ ಇತ್ತು. ನಾನು ಪಕ್ಕದಲ್ಲಿ ನಿಂತು ಇನ್ನೊಂದು ಸೌಟು ಸಾರು ಹಾಕಿದೆ.